ಕಂಪ್ಯೂಟರ್ ಮಧ್ಯೆ ಮಧ್ಯೆ ಹ್ಯಾಂಗ್ ಆಗುತ್ತಾ? ಫಾರ್ಮ್ಯಾಟ್ ಮಾಡಿಸೋ ಮುಂಚೆ ಇಷ್ಟು ನೋಡಿ

ಬಿಲ್ ಹೊಡೀತಾ ಇರುವಾಗಲೇ ಸ್ಕ್ರೀನ್ ನಿಂತುಬಿಡುತ್ತೆ. ಮೌಸ್ ಅಲ್ಲಾಡಲ್ಲ, ಕೀಬೋರ್ಡ್ ಒತ್ತಿದ್ರೂ ಏನೂ ಆಗಲ್ಲ. ಕೌಂಟರ್ ಮುಂದೆ ನಾಲ್ಕು ಜನ ಕಾಯ್ತಾ ಇರ್ತಾರೆ. ಕೊನೆಗೆ ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಓಡುತ್ತೆ. ಎರಡು ಗಂಟೆ ಕಳೆದ ಮೇಲೆ ಮತ್ತೆ ಅದೇ ಕಥೆ.

ಜೆರಾಕ್ಸ್ ಅಂಗಡಿ, ಮೆಡಿಕಲ್ ಸ್ಟೋರ್, ಗೊಬ್ಬರದ ಅಂಗಡಿ, ಗ್ರಾಮ ಒನ್ ಕೇಂದ್ರ, ಸೊಸೈಟಿ, ಎಲ್ಲಾ ಕಡೆ ಈ ದೂರು ಇದ್ದೇ ಇದೆ. ರಿಪೇರಿಗೆ ಕರೆದ್ರೆ ಬರೋ ಮೊದಲ ಉತ್ತರ "ಫಾರ್ಮ್ಯಾಟ್ ಹೊಡೀಬೇಕು". ದುಡ್ಡು ಕೊಟ್ಟು ಫಾರ್ಮ್ಯಾಟ್ ಮಾಡಿಸ್ತೀರಿ, ಮೂರು ದಿನ ಚೆನ್ನಾಗಿರುತ್ತೆ, ನಾಲ್ಕನೇ ದಿನ ಮತ್ತೆ ಹ್ಯಾಂಗ್. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ ಆಗುತ್ತೆ: ಡೇಟಾ ಹೋಯ್ತು, ಕಾಯಿಲೆ ಮಾತ್ರ ಹಾಗೇ ಉಳೀತು.

ಫಾರ್ಮ್ಯಾಟ್‌ನಿಂದ ಸರಿಹೋಗೋದು ಸಾಫ್ಟ್‌ವೇರ್ ತೊಂದರೆ ಮಾತ್ರ. ರ್‍ಯಾಮ್, ಹಾರ್ಡ್ ಡಿಸ್ಕ್, ಬಿಸಿ, ಎಸ್‌ಎಂಪಿಎಸ್ ಅಥವಾ ಕರೆಂಟ್‌ನಿಂದ ಹ್ಯಾಂಗ್ ಆಗ್ತಾ ಇದ್ರೆ ನೂರು ಸಲ ಫಾರ್ಮ್ಯಾಟ್ ಮಾಡಿದ್ರೂ ಪ್ರಯೋಜನ ಇಲ್ಲ. ಹಾಗಾಗಿ ಕಾರಣ ಹುಡುಕೋದು ಮೊದಲು, ಫಾರ್ಮ್ಯಾಟ್ ಕೊನೆಗೆ. ಹುಡುಕೋ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ನೀವೇ, ಖರ್ಚಿಲ್ಲದೆ ಮಾಡಿಕೊಳ್ಳಬಹುದು. ಕ್ರಮವಾಗಿ ಕೆಳಗೆ ಕೊಟ್ಟಿದ್ದೇವೆ. ಇದು ವಿಂಡೋಸ್ 10 ಮತ್ತು 11 ಇರೋ ಡೆಸ್ಕ್‌ಟಾಪ್‌ಗಳಿಗೆ.

ಎಲ್ಲಕ್ಕಿಂತ ಮೊದಲು ಬ್ಯಾಕಪ್

ಹ್ಯಾಂಗ್ ಆಗೋಕೆ ಶುರುವಾದ ಕಂಪ್ಯೂಟರ್ ಯಾವತ್ತು ಪೂರ್ತಿ ಕೈಕೊಡುತ್ತೋ ಹೇಳೋಕಾಗಲ್ಲ. ಅದು ಇನ್ನೂ ಓಡ್ತಾ ಇರುವಾಗಲೇ ಡೇಟಾ ಹೊರಗೆ ತೆಗೀರಿ.

ಜಿಎಸ್‌ಟಿ ಇರೋ ವ್ಯಾಪಾರಿಗಳಿಗೆ ಇದು ಇನ್ನೂ ಮುಖ್ಯ. ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸೋ ಕೊನೇ ದಿನದಿಂದ 72 ತಿಂಗಳು, ಅಂದ್ರೆ 6 ವರ್ಷ, ಲೆಕ್ಕಪತ್ರ ಇಟ್ಟುಕೊಂಡಿರಬೇಕು ಅಂತ ಜಿಎಸ್‌ಟಿ ಕಾಯ್ದೆಯೇ ಹೇಳುತ್ತೆ. "ಕಂಪ್ಯೂಟರ್ ಕೆಟ್ಟೋಯ್ತು ಸಾರ್" ಅಂದ್ರೆ ನಡೆಯಲ್ಲ.

ಬ್ಯಾಕಪ್ ಮಾಡುವಾಗ ಜನ ತಪ್ಪೋದು ಎರಡು ಕಡೆ.

ಒಂದು, "ನಂದೆಲ್ಲ ಡಿ ಡ್ರೈವ್‌ನಲ್ಲಿದೆ, ಭಯ ಇಲ್ಲ" ಅನ್ನೋದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಈ ಮೂರೂ ಸಾಮಾನ್ಯವಾಗಿ ಸಿ ಡ್ರೈವ್ ಒಳಗೇ ಇರುತ್ತೆ. ಟ್ಯಾಲಿ ಡೇಟಾ ಕೂಡ ನೀವು ಬೇರೆ ಜಾಗ ತೋರಿಸಿಲ್ಲ ಅಂದ್ರೆ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್, ಅದರೊಳಗಿನ ಪಬ್ಲಿಕ್ ಫೋಲ್ಡರ್‌ನಲ್ಲಿ ಕೂತಿರುತ್ತೆ. ಒಂದೊಂದು ಕಂಪನಿಗೆ ಒಂದೊಂದು ನಂಬರ್ ಹೆಸರಿನ ಫೋಲ್ಡರ್ ಇರುತ್ತೆ. ಸಿ ಡ್ರೈವ್ ಫಾರ್ಮ್ಯಾಟ್ ಆದ್ರೆ ಇದೆಲ್ಲ ಹೋಗುತ್ತೆ.

ಎರಡು, ಸಿ ಇಂದ ಡಿ ಗೆ ಕಾಪಿ ಮಾಡಿ ಅದನ್ನೇ ಬ್ಯಾಕಪ್ ಅನ್ನೋದು. ಹೆಚ್ಚಿನ ಕಂಪ್ಯೂಟರ್‌ನಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕ್‌ನ ಭಾಗಗಳು. ಡಿಸ್ಕ್ ಸತ್ತರೆ ಎರಡೂ ಹೋಗುತ್ತೆ. ಪೆನ್‌ಡ್ರೈವ್ ಅಥವಾ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿ, ಆಮೇಲೆ ಅದನ್ನ ಕಂಪ್ಯೂಟರ್‌ನಿಂದ ಕಿತ್ತು ಬೇರೆ ಕಡೆ ಇಡಿ.

ಡಿಸ್ಕ್‌ನಿಂದ ಟಕ್ ಟಕ್ ಅಂತ ಸದ್ದು ಬರ್ತಿದ್ರೆ ಮುಖ್ಯವಾದ ಫೈಲ್ ಮಾತ್ರ ಮೊದಲು ಕಾಪಿ ಮಾಡಿ ಅಲ್ಲಿಗೇ ನಿಲ್ಲಿಸಿ. ಅಂಥ ಡಿಸ್ಕ್ ಮೇಲೆ ಡಿಫ್ರಾಗ್, ಚೆಕ್ ಡಿಸ್ಕ್, ವೈರಸ್ ಸ್ಕ್ಯಾನ್ ಏನೂ ಓಡಿಸಬೇಡಿ. ಉಳಿದಿರೋ ಜೀವಾನೂ ಹೋಗುತ್ತೆ.

ನಿಂತಿದ್ದು ಕಂಪ್ಯೂಟರ್ರಾ, ಪ್ರೋಗ್ರಾಮಾ?

ಹ್ಯಾಂಗ್ ಆದ ತಕ್ಷಣ ಸ್ವಿಚ್‌ಗೆ ಕೈ ಹಾಕಬೇಡಿ. ಎರಡು ನಿಮಿಷ ತಡೆದು ಇಷ್ಟು ನೋಡಿ.

1. ಕೀಬೋರ್ಡ್‌ನಲ್ಲಿ ನಮ್ ಲಾಕ್ ಒತ್ತಿ. ಅದರ ಲೈಟ್ ಹತ್ತಿ ಆರಿದ್ರೆ ವಿಂಡೋಸ್ ಒಳಗೆ ಇನ್ನೂ ಜೀವಂತ ಇದೆ, ಯಾವುದೋ ಪ್ರೋಗ್ರಾಮ್ ಅಥವಾ ಡಿಸ್ಪ್ಲೇ ಸಿಕ್ಕಿಕೊಂಡಿದೆ ಅಂತ ಅರ್ಥ. ಎಷ್ಟು ಸಲ ಒತ್ತಿದ್ರೂ ಲೈಟ್ ಬದಲಾಗಿಲ್ಲ ಅಂದ್ರೆ ಇಡೀ ಕಂಪ್ಯೂಟರ್ರೇ ನಿಂತಿದೆ. ಆಗ ಹಾರ್ಡ್‌ವೇರ್ ಅಥವಾ ಡ್ರೈವರ್ ಮೇಲೆ ಅನುಮಾನ ಹೆಚ್ಚು.

2. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಂಡ್ರೆ "ನಾಟ್ ರೆಸ್ಪಾಂಡಿಂಗ್" ಅಂತ ತೋರಿಸೋ ಪ್ರೋಗ್ರಾಮ್ ಆರಿಸಿ ಎಂಡ್ ಟಾಸ್ಕ್ ಕೊಡಿ.

3. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಹಿಡಿದು ಬಿ ಒತ್ತಿ. ಇದು ಡಿಸ್ಪ್ಲೇ ಡ್ರೈವರನ್ನ ಹೊಸದಾಗಿ ಶುರು ಮಾಡುತ್ತೆ. ಸ್ಕ್ರೀನ್ ಒಂದು ಸಲ ಮಿಣುಕಿ ಸರಿಯಾದ್ರೆ ತೊಂದರೆ ಡಿಸ್ಪ್ಲೇ ಕಡೆಯದು.

4. ಸಿಪಿಯು ಮುಂಭಾಗದ ಡಿಸ್ಕ್ ಲೈಟ್ ನೋಡಿ. ಒಂದೇ ಸಮ ಉರೀತಾ ಇದ್ದು, ನಾಲ್ಕೈದು ನಿಮಿಷ ಆದ ಮೇಲೆ ಕಂಪ್ಯೂಟರ್ ತಾನಾಗಿ ಸರಿಹೋದ್ರೆ ಡಿಸ್ಕ್ ಕಡೆ ಗಮನ ಕೊಡಿ.

ಇದ್ಯಾವುದಕ್ಕೂ ಬಗ್ಗದಿದ್ರೆ ಮಾತ್ರ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಆಫ್ ಆಗುತ್ತೆ. ಪ್ಲಗ್ ಕಿತ್ತು ಆಫ್ ಮಾಡೋ ಅಭ್ಯಾಸ ಬಿಡಿ.

ಒಂದು ವಾರ ಪುಸ್ತಕದಲ್ಲಿ ಬರೀರಿ

ಮಧ್ಯೆ ಮಧ್ಯೆ ಬರೋ ತೊಂದರೆಗೆ ಒಳ್ಳೇ ಔಷಧಿ ಒಂದು ನೋಟ್‌ಬುಕ್. ಹ್ಯಾಂಗ್ ಆದಾಗೆಲ್ಲ ಈ ನಾಲ್ಕು ವಿಷಯ ಬರೆದಿಡಿ: ಎಷ್ಟು ಗಂಟೆಗೆ, ಆನ್ ಮಾಡಿ ಎಷ್ಟು ಹೊತ್ತಾಗಿತ್ತು, ಏನು ಮಾಡ್ತಾ ಇದ್ರಿ, ಆಗ ಕರೆಂಟ್ ಹೇಗಿತ್ತು. ಐದಾರು ಸಲ ಬರೆಯೋಷ್ಟರಲ್ಲಿ ದಾರಿ ಕಾಣುತ್ತೆ.

- ಬೆಳಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಬಿಸಿಲಲ್ಲಿ ಹೆಚ್ಚಾದ್ರೆ: ಬಿಸಿ, ಧೂಳು.
- ಕರೆಂಟ್ ಹೋಗಿ ಬಂದಾಗ, ಪಕ್ಕದಲ್ಲಿ ಮೋಟರ್ ಅಥವಾ ವೆಲ್ಡಿಂಗ್ ಶುರುವಾದಾಗ ಆದ್ರೆ: ಯುಪಿಎಸ್, ಎಸ್‌ಎಂಪಿಎಸ್, ಅರ್ಥಿಂಗ್.
- ಒಂದೇ ಪ್ರೋಗ್ರಾಮ್ ತೆರೆದಾಗ ಮಾತ್ರ ಆದ್ರೆ: ಆ ಪ್ರೋಗ್ರಾಮ್.
- ಫೈಲ್ ಸೇವ್ ಮಾಡುವಾಗ, ತೆರೆಯುವಾಗ ಆದ್ರೆ: ಡಿಸ್ಕ್ ಅಥವಾ ಅದರ ಕೇಬಲ್.
- ಪ್ರಿಂಟರ್, ಬಯೋಮೆಟ್ರಿಕ್ ಅಥವಾ ಪೆನ್‌ಡ್ರೈವ್ ಹಾಕಿದಾಗ ಆದ್ರೆ: ಯುಎಸ್‌ಬಿ ಸಾಧನ ಅಥವಾ ಅದರ ಡ್ರೈವರ್.
- ಸುಮ್ಮನೆ ಬಿಟ್ಟಾಗ ಹ್ಯಾಂಗ್ ಆಗಿ ಎದ್ದೇಳದಿದ್ರೆ: ಸ್ಲೀಪ್ ಸೆಟ್ಟಿಂಗ್, ಡ್ರೈವರ್.
- ವಿಂಡೋಸ್ ಶುರುವಾಗೋ ಮುಂಚೆ, ಬಯೋಸ್ ಸ್ಕ್ರೀನ್‌ನಲ್ಲೇ ನಿಂತುಹೋದ್ರೆ: ಖಂಡಿತ ಹಾರ್ಡ್‌ವೇರ್. ಇಲ್ಲಿ ಫಾರ್ಮ್ಯಾಟ್ ಮಾಡಿಸೋದು ದುಡ್ಡು ದಂಡ.

ಇನ್ನೊಂದು ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ರ್‍ಯಾಮ್, ಕೇಬಲ್, ಡ್ರೈವರ್ ಮೂರನ್ನೂ ಒಂದೇ ದಿನ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಖರ್ಚಿಲ್ಲದ ಪರೀಕ್ಷೆಗಳು

*ಹೊರೆ ಎಷ್ಟಿದೆ ನೋಡಿ:* ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಮೂರು ಕಾಲಂ ಇರುತ್ತೆ. 4 ಜಿಬಿ ರ್‍ಯಾಮ್ ಇಟ್ಟುಕೊಂಡು ಕ್ರೋಮ್‌ನಲ್ಲಿ ಹದಿನೈದು ಟ್ಯಾಬ್, ಜೊತೆಗೆ ಟ್ಯಾಲಿ, ವಾಟ್ಸಾಪ್ ತೆರೆದ್ರೆ ಮೆಮೊರಿ ಭರ್ತಿ ಆಗುತ್ತೆ. ಆಗ ವಿಂಡೋಸ್ ಡಿಸ್ಕನ್ನೇ ರ್‍ಯಾಮ್ ಥರ ಬಳಸೋಕೆ ಶುರು ಮಾಡುತ್ತೆ. ಹಳೇ ಹಾರ್ಡ್ ಡಿಸ್ಕ್ ಆದ್ರೆ ಅಲ್ಲಿಗೇ 100 ಪರ್ಸೆಂಟ್ ತೋರಿಸಿ ಎಲ್ಲಾ ನಿಂತ ಹಾಗೆ ಕಾಣುತ್ತೆ. ಇದು ನಿಜವಾದ ಹ್ಯಾಂಗ್ ಅಲ್ಲ, ಉಸಿರು ಕಟ್ಟಿರೋದು. ರ್‍ಯಾಮ್ 8 ಜಿಬಿ ಮಾಡಿ, ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದ್ರೆ ಹಳೇ ಮಷಿನ್ ಕೂಡ ಸುಲಭವಾಗಿ ಓಡುತ್ತೆ.

*ಸಿ ಡ್ರೈವ್ ಖಾಲಿ ಜಾಗ:* ಸಿ ಡ್ರೈವ್ ಕೆಂಪು ಪಟ್ಟಿ ತೋರಿಸ್ತಿದ್ರೆ ಮೊದಲು ಡೌನ್‌ಲೋಡ್ಸ್ ಫೋಲ್ಡರ್ ಖಾಲಿ ಮಾಡಿ. ಗಿರಾಕಿಗಳ ಹಳೇ ಪಿಡಿಎಫ್‌ಗಳೇ ಗಿಗಾಬೈಟ್‌ಗಟ್ಟಲೆ ಬಿದ್ದಿರುತ್ತೆ. ಕನಿಷ್ಠ ಹತ್ತರಿಂದ ಹದಿನೈದು ಪರ್ಸೆಂಟ್ ಜಾಗ ಖಾಲಿ ಇರಲಿ.

*ಎರಡು ಆಂಟಿವೈರಸ್ ಬೇಡ:* ಎರಡೂ ಒಂದೇ ಫೈಲ್ ಹಿಡಿದು ಜಗಳ ಆಡ್ತವೆ. ಒಂದು ಇಟ್ಟುಕೊಂಡು ಇನ್ನೊಂದು ತೆಗೀರಿ. ಬೇರೆ ಯಾವುದೂ ಇಲ್ಲದಿದ್ರೆ ವಿಂಡೋಸ್ ಜೊತೆಗೇ ಬರೋ ಡಿಫೆಂಡರ್ ಕೆಲಸ ಮಾಡ್ತಾ ಇರುತ್ತೆ.

*ರೀಸ್ಟಾರ್ಟ್ ಕೊಡಿ:* ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ವ್ಯವಸ್ಥೆ ಇದೆ. ಅದು ಆನ್ ಇದ್ರೆ ರಾತ್ರಿ ಶಟ್‌ಡೌನ್ ಕೊಟ್ರೂ ವಿಂಡೋಸ್‌ನ ಒಳಭಾಗ ಪೂರ್ತಿ ಹೊಸದಾಗಿ ಶುರುವಾಗಲ್ಲ, ಹಿಂದಿನ ಸ್ಥಿತಿಯನ್ನ ಡಿಸ್ಕ್‌ನಲ್ಲಿ ಉಳಿಸಿಕೊಂಡಿರುತ್ತೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಪೂರ್ತಿ ಹೊಸದಾಗಿ ಏಳುತ್ತೆ. ವಾರಕ್ಕೊಂದು ಸಲ ಆದ್ರೂ ರೀಸ್ಟಾರ್ಟ್ ಮಾಡಿ.

*ವಿಂಡೋಸ್ ಬರೆದಿಟ್ಟಿರೋ ಡೈರಿ ಓದಿ:* ಸ್ಟಾರ್ಟ್ ಒತ್ತಿ "ರಿಲಯಬಿಲಿಟಿ" ಅಂತ ಟೈಪ್ ಮಾಡಿದ್ರೆ ರಿಲಯಬಿಲಿಟಿ ಹಿಸ್ಟರಿ ಬರುತ್ತೆ. ಯಾವ ದಿನ ಯಾವ ಪ್ರೋಗ್ರಾಮ್ ಬಿದ್ದಿದೆ, ಯಾವ ಅಪ್‌ಡೇಟ್ ಬಂದಿದೆ ಅಂತ ಕ್ಯಾಲೆಂಡರ್ ಥರ ತೋರಿಸುತ್ತೆ. ಇನ್ನೂ ಆಳಕ್ಕೆ ಹೋಗೋರು ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ನೋಡಿ. ಅಲ್ಲಿ ಕರ್ನಲ್ ಪವರ್ 41 ಅಂತ ಕೆಂಪಗೆ ಕಾಣುತ್ತೆ. ಅದನ್ನ ನೋಡಿ "ಪವರ್ ಪ್ರಾಬ್ಲಮ್" ಅಂತ ಎಸ್‌ಎಂಪಿಎಸ್ ಬದಲಾಯಿಸಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಮಷಿನ್ ಮತ್ತೆ ಆನ್ ಆಯ್ತು ಅನ್ನೋದಷ್ಟೇ ಅದರ ಅರ್ಥ. ನೀವೇ ಬಟನ್ ಒತ್ತಿ ಆಫ್ ಮಾಡಿದ್ರೂ ಅದು ಬರುತ್ತೆ. ಅದಕ್ಕಿಂತ ಸ್ವಲ್ಪ ಮುಂಚಿನ ಸಾಲುಗಳು ಮುಖ್ಯ. ಡಿಸ್ಕ್ ಹೆಸರಲ್ಲಿ 7 ಅಥವಾ 153, ಇಲ್ಲವೇ ಸಾಧನವನ್ನ ರೀಸೆಟ್ ಮಾಡಿದೆ ಅನ್ನೋ 129 ಇದ್ರೆ ಡಿಸ್ಕ್ ಕಡೆ ಹೋಗಿ. ಡಿಸ್ಪ್ಲೇ 4101 ಇದ್ರೆ ಗ್ರಾಫಿಕ್ಸ್. ಡಬ್ಲ್ಯುಎಚ್‌ಇಎ ಲಾಗರ್ ಅಂತಿದ್ರೆ ಹಾರ್ಡ್‌ವೇರೇ ತಪ್ಪು ವರದಿ ಮಾಡ್ತಿದೆ ಅಂತ.

ಧೂಳು ಮತ್ತು ಬಿಸಿ

ಚಳ್ಳಕೆರೆ, ಹಿರಿಯೂರು ಕಡೆ ಬೇಸಿಗೆ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಅದರ ಜೊತೆ ರಸ್ತೆ ಧೂಳು. ಹಿಟ್ಟಿನ ಗಿರಣಿ, ಎಣ್ಣೆ ಮಿಲ್ ಪಕ್ಕದ ಅಂಗಡಿ ಆದ್ರೆ ಧೂಳಿಗೆ ಜಿಡ್ಡು ಸೇರಿ ಫ್ಯಾನ್ ರೆಕ್ಕೆಗೆ ಕಂಬಳಿ ಥರ ಅಂಟಿಕೊಳ್ಳುತ್ತೆ. ಕಂಪ್ಯೂಟರ್ ಪಕ್ಕದಲ್ಲೇ ಊದುಬತ್ತಿ ಹಚ್ಚೋ ಅಭ್ಯಾಸಾನೂ ಒಳ್ಳೇದಲ್ಲ.

ಪ್ರೊಸೆಸರ್ ಬಿಸಿಯಾದ್ರೆ ಮೊದಲು ತನ್ನ ವೇಗ ತಾನೇ ಕಡಿಮೆ ಮಾಡಿಕೊಳ್ಳುತ್ತೆ, ಮಿತಿ ಮೀರಿದ್ರೆ ಆಫ್ ಆಗುತ್ತೆ. ಎಚ್‌ಡಬ್ಲ್ಯು ಮಾನಿಟರ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಉಷ್ಣತೆ ಕಾಣುತ್ತೆ. ಮಾಮೂಲಿ ಬಿಲ್ಲಿಂಗ್ ಕೆಲಸಕ್ಕೇ 90 ಡಿಗ್ರಿ ಸೆಲ್ಸಿಯಸ್ ದಾಟ್ತಿದ್ರೆ ಗಾಳಿ ಓಡಾಟದಲ್ಲಿ ತೊಂದರೆ ಇದೆ.

ಕ್ಲೀನ್ ಮಾಡೋ ಕ್ರಮ: ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ. ಕ್ಯಾಬಿನೆಟ್ ಸೈಡ್ ಮುಚ್ಚಳ ತೆಗೆದು ಹೊರಗೆ ಒಯ್ದು ಬ್ಲೋವರ್ ಹೊಡೀರಿ. ಫ್ಯಾನ್ ರೆಕ್ಕೆಯನ್ನ ಬೆರಳಲ್ಲಿ ಹಿಡಿದುಕೊಂಡೇ ಗಾಳಿ ಬಿಡಿ, ಇಲ್ಲಾಂದ್ರೆ ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತೆ. ಒದ್ದೆ ಬಟ್ಟೆ ಬೇಡ. ಮುಚ್ಚಳ ತೆಗೆದಿಟ್ಟೇ ಆನ್ ಮಾಡಿ ಪ್ರೊಸೆಸರ್ ಫ್ಯಾನ್ ತಿರುಗ್ತಿದೆಯಾ ಅಂತ ದೂರದಿಂದ ನೋಡಿ, ಒಳಗೆ ಕೈ ಹಾಕಬೇಡಿ. ಫ್ಯಾನ್ ಸರಿ ಇದ್ದೂ ಬಿಸಿ ಇಳಿಯದಿದ್ರೆ ಥರ್ಮಲ್ ಪೇಸ್ಟ್ ಒಣಗಿರಬಹುದು, ಅದನ್ನ ಬದಲಾಯಿಸಿಕೊಡಿ ಅಂತ ರಿಪೇರಿಯವರಿಗೆ ಹೇಳಿ.

ಸಿಪಿಯು ಡಬ್ಬವನ್ನ ಟೇಬಲ್‌ನ ಮುಚ್ಚಿದ ಖಾನೆಯಲ್ಲಿ ತುರುಕಬೇಡಿ. ಹಿಂಭಾಗ ಗೋಡೆಯಿಂದ ಒಂದು ಗೇಣಾದ್ರೂ ದೂರ ಇರಲಿ.

ರ್‍ಯಾಮ್

ಮಷಿನ್ ಆಫ್ ಇರುವಾಗ ಪ್ಲಗ್ ಕಿತ್ತು ರ್‍ಯಾಮ್ ಹೊರಗೆ ತೆಗೀರಿ. ಮೊದಲು ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿ, ಮೈಯಲ್ಲಿರೋ ಸ್ಟಾಟಿಕ್ ಕರೆಂಟ್ ಇಳಿದು ಹೋಗುತ್ತೆ. ರ್‍ಯಾಮ್‌ನ ಬಂಗಾರ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರ್‌ನಿಂದ ಮೆತ್ತಗೆ ಉಜ್ಜಿ, ಪುಡಿ ಊದಿ, ಎರಡೂ ಕಡೆ ಕ್ಲಿಪ್ ಕೂರೋ ತನಕ ಒತ್ತಿ ಹಾಕಿ. ಹಳೇ ಮಷಿನ್‌ಗಳಲ್ಲಿ ಎಷ್ಟೋ ಹ್ಯಾಂಗ್ ಇಷ್ಟಕ್ಕೇ ನಿಲ್ಲುತ್ತೆ.

ನಿಲ್ಲದಿದ್ರೆ ಸ್ಟಾರ್ಟ್ ಮೆನುವಿನಲ್ಲಿ "ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್" ಹುಡುಕಿ ರೀಸ್ಟಾರ್ಟ್ ಕೊಡಿ, ಪರೀಕ್ಷೆ ತಾನೇ ನಡೆಯುತ್ತೆ. ಇನ್ನೂ ಗಟ್ಟಿ ಪರೀಕ್ಷೆ ಬೇಕಾದ್ರೆ ಮೆಮ್‌ಟೆಸ್ಟ್86 ಅನ್ನೋದನ್ನ ಪೆನ್‌ಡ್ರೈವ್‌ಗೆ ಹಾಕಿ ರಾತ್ರಿ ಅಂಗಡಿ ಮುಚ್ಚುವಾಗ ಓಡಿಸಿ. ಬೆಳಗ್ಗೆ ಬಂದು ನೋಡಿದಾಗ ಒಂದೇ ಒಂದು ತಪ್ಪು ತೋರಿಸಿದ್ರೂ ರ್‍ಯಾಮ್ ಅಥವಾ ಅದರ ಸ್ಲಾಟ್ ಸರಿ ಇಲ್ಲ ಅಂತಲೇ. ಎರಡು ರ್‍ಯಾಮ್ ಇದ್ರೆ ಒಂದನ್ನ ತೆಗೆದು ಒಂದೆರಡು ದಿನ ಓಡಿಸಿ, ಆಮೇಲೆ ಇನ್ನೊಂದು. ಯಾವುದು ಕಳ್ಳ ಅಂತ ಸಿಕ್ಕಿಬೀಳುತ್ತೆ. ಬೇರೆ ಬೇರೆ ಕಂಪನಿಯ, ಬೇರೆ ವೇಗದ ರ್‍ಯಾಮ್ ಬೆರೆಸಿ ಹಾಕಿದ್ರೂ ಕೆಲವು ಬೋರ್ಡ್‌ಗಳಲ್ಲಿ ಹ್ಯಾಂಗ್ ಬರುತ್ತೆ.

ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ

ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಬರೆದುಕೊಳ್ಳುತ್ತೆ. ಅದಕ್ಕೆ ಸ್ಮಾರ್ಟ್ ಅಂತಾರೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿದ್ರೆ ಗುಡ್, ಕಾಷನ್, ಬ್ಯಾಡ್ ಅಂತ ನೇರವಾಗಿ ತೋರಿಸುತ್ತೆ. ಹಾರ್ಡ್ ಡಿಸ್ಕ್ ಆದ್ರೆ ಪಟ್ಟಿಯಲ್ಲಿ ಈ ಸಾಲುಗಳನ್ನ ನೋಡಿ:

- 05: ಕೆಟ್ಟು ಬದಲಾಯಿಸಿದ ಸೆಕ್ಟರ್‌ಗಳು.
- ಸಿ5: ಓದೋಕೆ ಕಷ್ಟವಾಗಿ ಕಾಯ್ತಾ ಇರೋ ಸೆಕ್ಟರ್‌ಗಳು. ಹ್ಯಾಂಗ್ ಆಗೋ ಮಷಿನ್‌ನಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಅಂಥ ಸೆಕ್ಟರ್ ಸಿಕ್ಕಾಗ ಡಿಸ್ಕ್ ಮತ್ತೆ ಮತ್ತೆ ಓದೋಕೆ ನೋಡುತ್ತೆ, ಅಷ್ಟು ಹೊತ್ತು ವಿಂಡೋಸ್ ಕಾಯುತ್ತೆ.
- ಸಿ6: ಓದೋಕೇ ಆಗದ ಸೆಕ್ಟರ್‌ಗಳು.
- ಸಿ7: ಡಿಸ್ಕ್ ಮತ್ತು ಬೋರ್ಡ್ ಮಧ್ಯೆ ಡೇಟಾ ಸಾಗುವಾಗ ಆದ ತಪ್ಪುಗಳು. ಹೆಚ್ಚಾಗಿ ಕೇಬಲ್ ದೋಷ.

05, ಸಿ5, ಸಿ6 ಇವುಗಳ ರಾ ವ್ಯಾಲ್ಯೂ ಸೊನ್ನೆ ಇರಬೇಕು. ಸೊನ್ನೆ ಅಲ್ಲ, ವಾರದಿಂದ ವಾರಕ್ಕೆ ಏರ್ತಾನೂ ಇದೆ ಅಂದ್ರೆ ಡಿಸ್ಕ್ ಬದಲಾಯಿಸೋ ಕಾಲ ಬಂತು. ಸಿ7 ಮಾತ್ರ ಏರ್ತಿದ್ರೆ ಡಿಸ್ಕ್ ಕೊಳ್ಳೋ ಮುಂಚೆ ಸಾಟಾ ಕೇಬಲ್ ಬದಲಾಯಿಸಿ ನೋಡಿ. ಕೇಬಲ್ ಹಾಕಿದ ಮೇಲೂ ಹಳೇ ಸಂಖ್ಯೆ ಹಾಗೇ ಇರುತ್ತೆ, ಅದು ಇಳಿಯಲ್ಲ. ಇನ್ನು ಮುಂದೆ ಏರದಿದ್ರೆ ಸಾಕು.

ಕರೆಂಟ್, ಯುಪಿಎಸ್, ಎಸ್‌ಎಂಪಿಎಸ್

ನಮ್ಮ ಕಡೆ ಜನ ಕೊನೆಗೆ ನೋಡೋದು ಇದನ್ನ. ನಿಜಕ್ಕೂ ಬೇಗ ನೋಡಬೇಕಾದ ಜಾಗ.

ಸಣ್ಣ ಯುಪಿಎಸ್‌ಗಳಲ್ಲಿ ಇರೋ 12 ವೋಲ್ಟ್ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳಿಕೆ ಬರುತ್ತೆ, ಬಿಸಿ ಹೆಚ್ಚಿದ್ದ ಕಡೆ ಇನ್ನೂ ಕಡಿಮೆ. ಪರೀಕ್ಷೆ ಸುಲಭ: ಎಲ್ಲಾ ಕೆಲಸ ಸೇವ್ ಮಾಡಿ ಮುಚ್ಚಿ, ಗೋಡೆಯ ಸ್ವಿಚ್ ಆಫ್ ಮಾಡಿ. ಐದು ನಿಮಿಷಾನೂ ತಡೆಯದೆ ಕಂಪ್ಯೂಟರ್ ಬಿದ್ದುಹೋದ್ರೆ ಬ್ಯಾಟರಿ ಮುಗಿದಿದೆ. ಲೇಸರ್ ಪ್ರಿಂಟರ್, ಜೆರಾಕ್ಸ್ ಮಷಿನ್‌ನ ಪ್ಲಗ್ಗನ್ನ ಯುಪಿಎಸ್‌ಗೆ ಹಾಕಲೇಬೇಡಿ. ಅವು ಕಾಯುವಾಗ ಒಮ್ಮೆಲೇ ಬಹಳ ಕರೆಂಟ್ ಎಳೀತವೆ, ಆ ಕ್ಷಣಕ್ಕೆ ಕಂಪ್ಯೂಟರ್‌ಗೆ ಕಮ್ಮಿ ಬೀಳುತ್ತೆ. ಪ್ರಿಂಟ್ ಕೊಟ್ಟಾಗೆಲ್ಲ ಹ್ಯಾಂಗ್ ಆಗೋದಕ್ಕೆ ಇದೂ ಒಂದು ಕಾರಣ.

ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತಾ? ಹಾಗಿದ್ರೆ ಅರ್ಥಿಂಗ್ ಇಲ್ಲ. ಇದು ಕಂಪ್ಯೂಟರ್ ಪ್ರಶ್ನೆ ಮಾತ್ರ ಅಲ್ಲ, ಜೀವದ ಪ್ರಶ್ನೆ. ಎಲೆಕ್ಟ್ರಿಷಿಯನ್ ಕರೆಸಿ ಮೂರನೇ ಪಿನ್‌ಗೆ ಸರಿಯಾದ ಅರ್ಥ್ ವೈರ್ ಬಂದಿದೆಯಾ ನೋಡಿಸಿ. ಎರಡು ಪಿನ್‌ನ ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ಡೆಸ್ಕ್‌ಟಾಪ್ ಓಡಿಸಬೇಡಿ.

ಎಸ್‌ಎಂಪಿಎಸ್ ಗೋಡೆಯ 230 ವೋಲ್ಟನ್ನ 12, 5 ಮತ್ತು 3.3 ವೋಲ್ಟ್ ಮಾಡಿ ಕೊಡುತ್ತೆ. 5 ಪರ್ಸೆಂಟ್ ಆಚೀಚೆ ನಡೆಯುತ್ತೆ. ಅಂದ್ರೆ 12 ವೋಲ್ಟ್ ಲೈನ್ 11.4 ರಿಂದ 12.6 ಒಳಗೆ, 5 ವೋಲ್ಟ್ ಲೈನ್ 4.75 ರಿಂದ 5.25 ಒಳಗೆ ಇರಬೇಕು. ಮಷಿನ್ ಕೆಲಸ ಮಾಡ್ತಾ ಇರುವಾಗ ಮಲ್ಟಿಮೀಟರ್‌ನಲ್ಲಿ ರಿಪೇರಿಯವರ ಕೈಲಿ ನೋಡಿಸಿ. ಅನುಮಾನ ಇದ್ರೆ ಬೇರೆ ಎಸ್‌ಎಂಪಿಎಸ್ ಹಾಕಿ ಎರಡು ದಿನ ಓಡಿಸೋದೇ ಸರಿಯಾದ ಪರೀಕ್ಷೆ. ಎಸ್‌ಎಂಪಿಎಸ್ ಡಬ್ಬವನ್ನ ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಅಪಾಯದ ವೋಲ್ಟೇಜ್ ಉಳಿದಿರುತ್ತೆ.

ಮುಚ್ಚಳ ತೆಗೆದಾಗ ಮದರ್‌ಬೋರ್ಡ್ ಮೇಲೆ ನಿಂತಿರೋ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆ ಇರಬೇಕು. ಉಬ್ಬಿದ್ರೆ, ಕಂದು ಬಣ್ಣದ ಅಂಟು ಸೋರಿದ್ರೆ ಹ್ಯಾಂಗ್‌ಗೆ ಕಾರಣ ಸಿಕ್ಕಿದ ಹಾಗೆ.

ಹಾರ್ಡ್‌ವೇರಾ, ಸಾಫ್ಟ್‌ವೇರಾ? ತೀರ್ಮಾನ ಮಾಡೋ ಪರೀಕ್ಷೆ

ಇಷ್ಟಾದ್ರೂ ಗೊತ್ತಾಗದಿದ್ರೆ ಒಂದು ಉಪಾಯ ಇದೆ. ಉಬುಂಟು ಅನ್ನೋ ಉಚಿತ ಲಿನಕ್ಸನ್ನ ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಮಷಿನ್ ಆನ್ ಮಾಡಿ. "ಟ್ರೈ ಉಬುಂಟು" ಆರಿಸಿ, "ಇನ್‌ಸ್ಟಾಲ್" ಮಾತ್ರ ಒತ್ತಬೇಡಿ. ಟ್ರೈ ಆರಿಸಿದ್ರೆ ನಿಮ್ಮ ಡಿಸ್ಕ್‌ನಲ್ಲಿ ಏನೂ ಬದಲಾಗಲ್ಲ. ಅದರಲ್ಲೇ ಇಂಟರ್‌ನೆಟ್, ವಿಡಿಯೋ ಹಾಕಿ ಮೂರ್ನಾಲ್ಕು ಗಂಟೆ ಓಡಿಸಿ. ಅಲ್ಲೂ ಹ್ಯಾಂಗ್ ಆದ್ರೆ ವಿಂಡೋಸ್ ತಪ್ಪಲ್ಲ, ಹಾರ್ಡ್‌ವೇರ್ ಕಡೆ ನೋಡಿ. ಅಲ್ಲಿ ಸಲೀಸಾಗಿ ಓಡಿ ವಿಂಡೋಸ್‌ನಲ್ಲಿ ಮಾತ್ರ ನಿಂತ್ರೆ ವಿಂಡೋಸ್, ಡ್ರೈವರ್ ಅಥವಾ ವಿಂಡೋಸ್ ಇರೋ ಡಿಸ್ಕ್ ಮೇಲೆ ಅನುಮಾನ ಪಡಿ.

ವಿಂಡೋಸ್ ಕಡೆಯದು ಅಂತಾದ್ರೆ:

1. ಶಿಫ್ಟ್ ಒತ್ತಿಕೊಂಡೇ ರೀಸ್ಟಾರ್ಟ್ ಕೊಟ್ಟು, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಒಳಗೆ ಹೋಗಿ 4 ಒತ್ತಿದ್ರೆ ಸೇಫ್ ಮೋಡ್ ಬರುತ್ತೆ. ಅಲ್ಲಿ ಹ್ಯಾಂಗ್ ಆಗದಿದ್ರೆ ಡ್ರೈವರ್ ಅಥವಾ ಹೊರಗಿನ ಸಾಫ್ಟ್‌ವೇರ್ ಕಾರಣ.
2. ಇತ್ತೀಚೆಗೆ ಹಾಕಿದ ಸಾಫ್ಟ್‌ವೇರ್ ತೆಗೀರಿ. ಡಿಸ್ಪ್ಲೇ ಡ್ರೈವರ್ ಹೊಸದಾದ ಮೇಲೆ ಶುರುವಾಗಿದ್ರೆ ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಕೊಡಿ.
3. ಪ್ರಿಂಟರ್, ಸ್ಕ್ಯಾನರ್, ಬಯೋಮೆಟ್ರಿಕ್ ಎಲ್ಲಾ ಕಿತ್ತು ಕೀಬೋರ್ಡ್ ಮೌಸ್ ಮಾತ್ರ ಇಟ್ಟು ಒಂದು ದಿನ ಓಡಿಸಿ. ಸರಿ ಇದ್ರೆ ಒಂದೊಂದಾಗಿ ವಾಪಸ್ ಹಾಕಿ.
4. ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಸ್, ಎಫ್, ಸಿ ಮೂರು ಅಕ್ಷರ, ಒಂದು ಸ್ಪೇಸ್, ಒಂದು ಸ್ಲ್ಯಾಶ್, ಆಮೇಲೆ ಸ್ಕ್ಯಾನ್‌ನೌ ಅಂತ ಒಂದೇ ಪದವಾಗಿ ಟೈಪ್ ಮಾಡಿ ಎಂಟರ್ ಕೊಡಿ. ಕೆಟ್ಟಿರೋ ವಿಂಡೋಸ್ ಫೈಲ್‌ಗಳನ್ನ ಅದೇ ಹುಡುಕಿ ಸರಿ ಮಾಡುತ್ತೆ. ನಿಮ್ಮ ಡೇಟಾ ಮುಟ್ಟಲ್ಲ.

ಇದ್ಯಾವುದರಿಂದಲೂ ಆಗದಿದ್ರೆ, ಬ್ಯಾಕಪ್ ಇದೆ ಅಂತ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿ ಖಾತ್ರಿ ಮಾಡಿಕೊಂಡು, ಆಗ ಫಾರ್ಮ್ಯಾಟ್ ಮಾಡಿಸಿ. ಫಾರ್ಮ್ಯಾಟ್ ಆದ ಮೇಲೆ ಆಕ್ಟಿವೇಟರ್, ಕ್ರ್ಯಾಕ್ ಅಂತ ಪೆನ್‌ಡ್ರೈವ್‌ನಿಂದ ಹಾಕೋ ಫೈಲ್‌ಗಳಿಂದ ದೂರ ಇರಿ. ವೈರಸ್ ಬರೋ ದೊಡ್ಡ ದಾರಿ ಅದೇ.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕೋಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್ ಜೊತೆಗೆ ಟಿಪಿಎಂ 2.0 ಬೇಕು. ಹಳೇ ಮಷಿನ್‌ಗೆ ಬಲವಂತವಾಗಿ 11 ಹಾಕಿಸಿದ್ರೆ ಸರಿಯಾದ ಡ್ರೈವರ್ ಸಿಗದೆ ಹೊಸ ಹ್ಯಾಂಗ್ ಶುರುವಾಗೋದೂ ಉಂಟು.

ರಿಪೇರಿಗೆ ಕೊಡುವಾಗ

- "ಹ್ಯಾಂಗ್ ಆಗುತ್ತೆ" ಅಂತ ಮಾತ್ರ ಹೇಳಬೇಡಿ. ಬರೆದಿಟ್ಟ ನೋಟ್‌ಬುಕ್ ತೋರಿಸಿ. ಒಳ್ಳೇ ಮೆಕ್ಯಾನಿಕ್‌ಗೆ ಅದರಿಂದ ಅರ್ಧ ಕೆಲಸ ಮುಗೀತು.
- ರ್‍ಯಾಮ್, ಡಿಸ್ಕ್ ಮೇಲಿನ ಸೀರಿಯಲ್ ನಂಬರ್ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.
- ಗ್ಯಾರಂಟಿ ಅವಧಿ ಇನ್ನೂ ಇದ್ರೆ ಮುಚ್ಚಳ ಬಿಚ್ಚೋ ಮುಂಚೆ ಕೊಂಡ ಅಂಗಡಿಯಲ್ಲಿ ಕೇಳಿ.
- ಡಿಜಿಟಲ್ ಸಿಗ್ನೇಚರ್ ಟೋಕನ್, ಬಯೋಮೆಟ್ರಿಕ್ ಸಾಧನ ನಿಮ್ಮ ಹತ್ತಿರವೇ ಇರಲಿ. ಪಾಸ್‌ವರ್ಡ್ ಚೀಟಿ ಅಂಟಿಸಿ ಕಳಿಸಬೇಡಿ.
- "ನನ್ನ ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಅಂತ ಬಾಯಲ್ಲಿ ಹೇಳಿ, ರಸೀದಿ ಮೇಲೂ ಬರೆಸಿ.
- ಬದಲಾಯಿಸಿದ ಹಳೇ ಭಾಗ ವಾಪಸ್ ಕೇಳಿ, ಹೊಸದಕ್ಕೆ ಬಿಲ್ ತಗೊಳ್ಳಿ. ಮುಖ್ಯವಾಗಿ ಹಳೇ ಡಿಸ್ಕ್ ಬಿಟ್ಟು ಬರಬೇಡಿ. ಅದರಲ್ಲಿ ನಿಮ್ಮ ಲೆಕ್ಕ ಮಾತ್ರ ಅಲ್ಲ, ನಿಮ್ಮನ್ನ ನಂಬಿ ಕೊಟ್ಟ ಗಿರಾಕಿಗಳ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಪಹಣಿ ಎಲ್ಲಾ ಇರುತ್ತೆ.

ಗೋಡೆಗೆ ಅಂಟಿಸಿಕೊಳ್ಳೋಕೆ

1. ಮೊದಲು ಪೆನ್‌ಡ್ರೈವ್‌ಗೆ ಬ್ಯಾಕಪ್.
2. ನಮ್ ಲಾಕ್ ಲೈಟ್ ನೋಡು.
3. ಸಮಯ, ಕೆಲಸ, ಕರೆಂಟ್ ಬರೆದಿಡು.
4. ಧೂಳು ಹೊಡಿ, ರ್‍ಯಾಮ್ ಉಜ್ಜಿ ಹಾಕು.
5. ಡಿಸ್ಕ್ ಆರೋಗ್ಯ ನೋಡು, ಕೇಬಲ್ ಬದಲಾಯಿಸು.
6. ಯುಪಿಎಸ್, ಅರ್ಥಿಂಗ್, ಎಸ್‌ಎಂಪಿಎಸ್ ನೋಡಿಸು.
7. ಲಿನಕ್ಸ್ ಪೆನ್‌ಡ್ರೈವ್‌ನಲ್ಲಿ ಓಡಿಸಿ ನೋಡು.
8. ಫಾರ್ಮ್ಯಾಟ್ ಎಲ್ಲಕ್ಕಿಂತ ಕೊನೆಗೆ.